ಸೂಯೆಜ್ ಕಾಲುವೆಯ ಕಾವಲುಪಡೆ: ಒಂದು ಹೆಸರಿನ ಹಿನ್ನೆಲೆ

ದಂಡೊಂದರ ಹೆಸರನ್ನೇ ಅದರ ಚರಿತ್ರೆಯೆಂದು ಭಾವಿಸುವುದು ಎಷ್ಟು ಅಪಾಯಕರವೆಂಬುದಕ್ಕೆ 62ನೆಯ ಪಂಜಾಬೀಸ್ ಪದಾತಿಪಡೆ ಒಳ್ಳೆಯ ನಿದರ್ಶನ. 1914ರ ಕೊನೆಯಲ್ಲಿ ಸೂಯೆಜ್ ಕಾಲುವೆಯ ರಕ್ಷಣೆಗೆಂದು ಈಜಿಪ್ಟಿಗೆ ಹೋದ ಭಾರತೀಯ ಪಡೆಗಳಲ್ಲಿ ಇದೂ ಒಂದು. ಕಾಲುವೆ ಮುಚ್ಚಿದ್ದರೆ ಭಾರತದಿಂದ ಯುರೋಪಿಗೆ ಸಾಗುವ ಹಡಗುಗಳು ಆಫ್ರಿಕವನ್ನೇ ಸುತ್ತಬೇಕಾಗುತ್ತಿತ್ತು. ಸಿನಾಯ್ ಮರುಭೂಮಿಯನ್ನು ದಾಟಿಬಂದ ತುರ್ಕಿ ಸೈನ್ಯವು 1915ರ ಫೆಬ್ರವರಿ 3ರ ನಸುಕಿನಲ್ಲಿ ತುಸ್ಸೂಮ್ ಬಳಿ ತಗಡಿನ ದೋಣಿಗಳನ್ನು ನೀರಿಗಿಳಿಸಿತು. ಆಚೆಯ ದಡ ಮುಟ್ಟಿದವು ಕೆಲವೇ. ದಾಟಿದವರನ್ನು 62ನೆಯ ಪಡೆಯೂ ಜೊತೆಯ ತುಕಡಿಗಳೂ ಸದೆಬಡಿದವು. ಮುಂದೆ ಭಾರತದ ಮಹಾದಂಡನಾಯಕನಾದ ಆಕಿನ್‌ಲೆಕ್ ಆಗ ಇದರ ಅಧಿಕಾರಿಗಳಲ್ಲೊಬ್ಬ.

ಆದರೆ ಈ ಪಡೆ ಹುಟ್ಟಿದ್ದು ಪಂಜಾಬಿನಲ್ಲಲ್ಲ. 1759ರಲ್ಲಿ, ಮದರಾಸಿನ ಕರಾವಳಿ ಸಿಪಾಯಿಗಳ ಮೂರನೆಯ ತುಕಡಿಯಾಗಿ. ದಕ್ಷಿಣದವರು ಯುದ್ಧಕ್ಕೆ ತಕ್ಕವರಲ್ಲವೆಂಬ ಬ್ರಿಟಿಷರ 'ವೀರಜಾತಿ' ಸಿದ್ಧಾಂತದಿಂದ (ಹೈದರಾಲಿಯೊಡನೆ ಕಾದಿದ ಸೈನ್ಯದ ಬಗ್ಗೆ ಈ ಮಾತು!) ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಆಳುಗಳು ಬದಲಾದರು. 1903ರ ಕಿಚನರನ ಮರುವಿಂಗಡಣೆಯಲ್ಲಿ ಹೆಸರೂ ಬದಲಾಯಿತು. ಹಳ್ಳಿಯ ವೀರಗಲ್ಲು ಕೂಡ ಸತ್ತವನ ಹೆಸರನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದೇ ಕಾಲುವೆಯ ಕಾವಲಿನಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ನೆನಪು ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಾದರೂ ಉಳಿದಿದೆ.

1922ರಲ್ಲಿ 62ನೆಯ ಪಡೆ ಒಂದನೆಯ ಪಂಜಾಬ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆಯಿತು. 1947ರಲ್ಲಿ ಪಾಕಿಸ್ತಾನದ ಪಾಲಾಯಿತು. ಮದರಾಸು ಸೈನ್ಯದ ಸಿಪಾಯಿಗಳನ್ನು ಅರಸುವ ಸಂಶೋಧಕರು ಪಂಜಾಬೀಸ್ ಎಂಬ ಹೆಸರಿನ ಪಡೆಗಳ ಪೂರ್ವೇತಿಹಾಸವನ್ನೂ ತೆರೆದು ನೋಡಬೇಕಾಗುತ್ತದೆ.