ಮನೆ ಏಕೆ ಅಸ್ತವ್ಯಸ್ತವಾಗುತ್ತದೆ?

ಯುಗಾದಿಗೆ ಮುನ್ನ ಮನೆಯನ್ನೆಲ್ಲ ಗುಡಿಸಿ, ಸಾರಿಸಿ, ಒಂದೊಂದು ಸಾಮಾನನ್ನೂ ಅದರದರ ಜಾಗದಲ್ಲಿ ಇಡುತ್ತೇವೆ. ಹಬ್ಬ ಕಳೆದು ತಿಂಗಳಾಗುವುದರೊಳಗೆ ಮೇಜಿನ ಮೇಲೆ ಪುಸ್ತಕಗಳ ರಾಶಿ, ಕುರ್ಚಿಯ ಮೇಲೆ ಬಟ್ಟೆಗಳ ರಾಶಿ ಮತ್ತೆ ತಲೆಯೆತ್ತಿರುತ್ತವೆ. ಯಾರೂ ಬೇಕೆಂದು ಹೀಗೆ ಮಾಡಿರುವುದಿಲ್ಲ. ಮನೆ ಕೆಡುವುದಕ್ಕೆ ಯಾವ ಪ್ರಯತ್ನವೂ ಬೇಡ. ಸರಿಯಾಗುವುದಕ್ಕೆ ಮಾತ್ರ ಶ್ರಮ ಬೇಕು. ಇದಕ್ಕೆ ಕಾರಣವೇನು?

ಒಂದು ಚಿಕ್ಕ ಲೆಕ್ಕದಿಂದ ಇದನ್ನು ತಿಳಿಯಬಹುದು. ಕಪಾಟಿನಲ್ಲಿ 10 ಪುಸ್ತಕಗಳಿವೆಯೆಂದು ಭಾವಿಸೋಣ. ಮೊದಲನೆಯ ಸ್ಥಾನದಲ್ಲಿ ಹತ್ತರಲ್ಲಿ ಯಾವುದನ್ನಾದರೂ ಇಡಬಹುದು. ಎರಡನೆಯದರಲ್ಲಿ ಉಳಿದ ಒಂಬತ್ತರಲ್ಲಿ ಒಂದನ್ನು. ಹೀಗೆಯೇ ಗುಣಿಸುತ್ತ ಹೋದರೆ 36,28,800 ಬಗೆಯ ಜೋಡಣೆಗಳು ದೊರೆಯುತ್ತವೆ. ಸೆಕೆಂಡಿಗೆ ಒಂದರಂತೆ ಹಗಲಿರುಳೂ ಜೋಡಿಸಿದರೆ ಎಲ್ಲವೂ ಮುಗಿಯಲು ಸರಿಯಾಗಿ 42 ದಿನಗಳು ಬೇಕು! ಇಷ್ಟರಲ್ಲಿ ಅಕಾರಾದಿ ಕ್ರಮದ ಜೋಡಣೆ ಒಂದೇ ಒಂದು. ಓದಿದ ಪುಸ್ತಕವನ್ನು ಕೈಗೆ ಸಿಕ್ಕಿದ ಕಡೆ ಇಡುವವನಿಗೆ ಆ ಒಂದು ಕ್ರಮ ತಾನಾಗಿ ಒದಗುವ ಸಂಭವ ಎಷ್ಟು ಅಲ್ಪವೆಂಬುದನ್ನು ನೀವೇ ಊಹಿಸಬಹುದು.

ಆಸ್ಟ್ರಿಯಾದ ಭೌತವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್ (1844–1906) ಅನಿಲದ ಅಣುಗಳ ವಿಷಯದಲ್ಲಿ ಇಂಥದೇ ಎಣಿಕೆಯನ್ನು ಅನ್ವಯಿಸಿ, ಎಂಟ್ರೊಪಿ ಏಕೆ ಹೆಚ್ಚುತ್ತದೆಂಬುದನ್ನು ವಿವರಿಸಿದನು. ಆದರೆ ಹೋಲಿಕೆ ಎಣಿಕೆಯ ಮಟ್ಟಿಗೆ ಮಾತ್ರ. ಅಣುಗಳು ತಾವಾಗಿ ಚಲಿಸುತ್ತವೆ. ಪುಸ್ತಕಗಳನ್ನು ಚಲಿಸುವುದು ನಮ್ಮ ಕೈ. ಆದುದರಿಂದ ನಮ್ಮ ಸೋಮಾರಿತನವನ್ನು ಪ್ರಕೃತಿನಿಯಮದ ತಲೆಗೆ ಕಟ್ಟುವಂತಿಲ್ಲ.

ಹನ್ನೊಂದನೆಯ ಪುಸ್ತಕ ಬಂದೊಡನೆ ಜೋಡಣೆಗಳು ಹನ್ನೊಂದು ಪಟ್ಟಾಗುತ್ತವೆ. ಹಾಗಾದರೆ ಬೇಡದ ವಸ್ತುಗಳನ್ನು ಹೊರಹಾಕುವುದೇ ಸುಲಭವಲ್ಲವೇ? ಇಲ್ಲಿ ಮನಸ್ಸು ಅಡ್ಡ ಬರುತ್ತದೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ಗುಗಳನ್ನು ಕೊಟ್ಟು, ಅವನ್ನು ಮಾರಲು ಎಷ್ಟು ಬೆಲೆ ಬೇಕೆಂದು ಕೇಳಲಾಯಿತು. ಮಗ್ಗು ದೊರೆಯದವರು ಕೊಡಲು ಒಪ್ಪಿದ ಬೆಲೆಗಿಂತ ದೊರೆತವರು ಕೇಳಿದ್ದು ಸುಮಾರು ಎರಡರಷ್ಟು! ವಸ್ತು ನಮ್ಮದಾದೊಡನೆ ನಮ್ಮ ಕಣ್ಣಿಗೆ ಅದರ ಬೆಲೆ ಏರುತ್ತದೆ. ಅಟ್ಟದ ಮೇಲಿನ ಒಡಕು ಬಕೆಟ್ಟು ‘ಎಂದಾದರೂ ಬೇಕಾದೀತು’ ಎಂದು ಉಳಿದುಬಿಡುವುದು ಹೀಗೆಯೇ.

ಇದು ಅಂದಚಂದದ ಪ್ರಶ್ನೆ ಮಾತ್ರವಲ್ಲ. ಹಿತ್ತಿಲಲ್ಲಿ ಬಿದ್ದ ಹಳೆಯ ಟೈರು, ತೆಂಗಿನ ಚಿಪ್ಪು, ಡಬ್ಬಿಗಳಲ್ಲಿ ನಿಂತ ಮಳೆಯ ನೀರು ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಪಾತ್ರೆಯ ಒಳಗೋಡೆಗೆ ಅಂಟಿದ ಇದರ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಉಳಿಯಬಲ್ಲವು. ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ವರ್ಷಕ್ಕೊಮ್ಮೆ ನಡೆಯುವ ಹಬ್ಬದ ಶುಚಿತ್ವ ಇಲ್ಲಿ ಸಾಲದು. ವಾರಕ್ಕೊಮ್ಮೆಯಾದರೂ ನೀರನ್ನು ಚೆಲ್ಲಿ, ಪಾತ್ರೆಯನ್ನು ಉಜ್ಜಬೇಕು.

‘ಉತ್ಸಾಹ ಬಂದಾಗ ಮಾಡೋಣ’ ಎಂದರೆ ಉತ್ಸಾಹ ಬರುವುದೇ ಇಲ್ಲ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಇದಕ್ಕೊಂದು ಉಪಾಯವನ್ನು 1999ರ ತಮ್ಮ ಲೇಖನದಲ್ಲಿ ನಿರೂಪಿಸಿದ್ದಾರೆ. ‘ಮಾಡುತ್ತೇನೆ’ ಎಂದಷ್ಟೇ ಸಂಕಲ್ಪಿಸುವವರಿಗಿಂತ, ‘ಇಂಥ ಹೊತ್ತಿನಲ್ಲಿ, ಇಂಥ ಸ್ಥಳದಲ್ಲಿ ಇದನ್ನು ಮಾಡುತ್ತೇನೆ’ ಎಂದು ಗೊತ್ತುಮಾಡಿಕೊಳ್ಳುವವರು ಕೆಲಸವನ್ನು ಹೆಚ್ಚಾಗಿ ಪೂರೈಸುತ್ತಾರೆ. ರಾತ್ರಿಯ ಊಟವಾದೊಡನೆ ಮೇಜಿನ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಭಾನುವಾರ ಬೆಳಿಗ್ಗೆ ಹಿತ್ತಿಲನ್ನು ನೋಡಿಬರುವುದು ಇಂಥ ಗೊತ್ತುಪಾಡುಗಳು. ಹೊತ್ತು ಬಂದಾಗ ಕೆಲಸ ತಾನಾಗಿ ನೆನಪಿಗೆ ಬರುತ್ತದೆ. ಮನಸ್ಸಿನೊಡನೆ ಪ್ರತಿದಿನವೂ ವಾದಿಸಬೇಕಾಗುವುದಿಲ್ಲ.

ಅವ್ಯವಸ್ಥೆಗೆ ಲಕ್ಷಾಂತರ ದಾರಿಗಳಿರುವುದು ನಿಜ. ಆದರೆ ಪುಸ್ತಕಕ್ಕೆ ಒಂದು ಜಾಗ, ಕೆಲಸಕ್ಕೆ ಒಂದು ಹೊತ್ತು ಗೊತ್ತಾದರೆ, ಆ ಲಕ್ಷಾಂತರ ದಾರಿಗಳನ್ನೂ ಮುಚ್ಚಲು ದಿನಕ್ಕೆ ಐದು ನಿಮಿಷಗಳ ದುಡಿಮೆ ಸಾಕಾಗುತ್ತದೆ.