ಮೂಗಿನ ಮೇಲಿನ ಬಿಳಿ ಲೇಪ

1990ರ ದಶಕದಲ್ಲಿ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಿದವರಿಗೆ ದಕ್ಷಿಣ ಆಫ್ರಿಕದ ವೇಗದ ಬೌಲರ್ ಅಲನ್ ಡೊನಾಲ್ಡ್ ನೆನಪಿರಬೇಕು. ಮೂಗು, ಕೆನ್ನೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಲೇಪ! ಅದು ಅಲಂಕಾರವಲ್ಲ, ಬಿಸಿಲಿನಿಂದ ಚರ್ಮವನ್ನು ಕಾಯುವ ಸತುವಿನ ಮುಲಾಮು. ಅದೇ ಸತು ಈಗ ಸನ್‌ಸ್ಕ್ರೀನ್ ಟ್ಯೂಬಿನೊಳಗೆ ಕುಳಿತು ಕಾಲೇಜು ಹುಡುಗಿಯರ ಕೈಚೀಲ ಸೇರಿದೆ. 'ದಿನಾ ಹಚ್ಚಿಕೊಂಡರೆ ಮೈಗೆ ಇಳಿಯುವುದಿಲ್ಲವೇನೇ?' ಎಂಬ ಅಮ್ಮಂದಿರ ಪ್ರಶ್ನೆಯೂ ಜೊತೆಗೇ ಬಂದಿದೆ.

ಪ್ರಶ್ನೆ ಸರಿಯಾದದ್ದೇ. ಖನಿಜ ಸನ್‌ಸ್ಕ್ರೀನ್‌ಗಳಲ್ಲಿ ಕೆಲಸ ಮಾಡುವ ವಸ್ತುಗಳು ಎರಡು. ಜಿಂಕ್ ಆಕ್ಸೈಡ್ ನಮಗೆ ಹೊಸದಲ್ಲ. ಕ್ಯಾಲಮೈನ್ ಲೋಷನ್ನಿನಲ್ಲಿ, ಹಸುಗೂಸುಗಳ ತೊಡೆಸಂದಿಯ ಗುಳ್ಳೆಗೆ ಹಚ್ಚುವ ಮುಲಾಮಿನಲ್ಲಿ ಇರುವುದು ಇದೇ. ಟೈಟಾನಿಯಂ ಡೈಆಕ್ಸೈಡ್ ಗೋಡೆಯ ಬಿಳಿ ಬಣ್ಣದ ಜೀವಾಳ. ಅದರ ಅದಿರು ಕೇರಳದ ಚವರದ ಕಡಲ ಮರಳಿನಲ್ಲೇ ಸಿಗುತ್ತದೆ. ಇವು ಕನ್ನಡಿಯಂತೆ ಕಿರಣಗಳನ್ನು ಹಿಂದಕ್ಕೆ ಕಳಿಸುತ್ತವೆ ಎಂಬ ಮಾತು ಅರೆಸತ್ಯ. ಅತಿನೇರಳೆ ಕಿರಣಗಳ ಬಹುಪಾಲನ್ನು ಇವು ಹೀರಿಕೊಳ್ಳುತ್ತವೆ.

ಆದರೆ ಕಂದು ಚರ್ಮದ ಮೇಲೆ ಈ ಲೇಪ ಬೂದಿ ಬಳಿದ ಹಾಗೆ ಕಾಣುತ್ತದೆ. ಅದನ್ನು ತಪ್ಪಿಸಲೆಂದೇ ತಯಾರಕರು ಕಣಗಳನ್ನು 100 ನ್ಯಾನೊಮೀಟರಿಗಿಂತ ಚಿಕ್ಕದಾಗಿಸಿದರು. ಇಷ್ಟು ಸಣ್ಣ ಕಣ ರಕ್ತಕ್ಕೆ ಸೇರೀತೆಂಬ ಭಯ ಹುಟ್ಟಿದ್ದು ಇಲ್ಲಿಂದಲೇ. ಆಸ್ಟ್ರೇಲಿಯದ ಔಷಧ ನಿಯಂತ್ರಣ ಸಂಸ್ಥೆ ಈ ಕುರಿತ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಕಣಗಳು ಚರ್ಮದ ಮೇಲ್ಭಾಗದ ಸತ್ತ ಪದರದಲ್ಲೇ ಉಳಿಯುತ್ತವೆ ಎಂಬ ತೀರ್ಮಾನಕ್ಕೆ ಬಂದಿದೆ. ಅಮೆರಿಕದ ಎಫ್‌ಡಿಎ 2019ರ ಕರಡು ನಿಯಮದಲ್ಲಿ, 16 ವಸ್ತುಗಳ ಪೈಕಿ ಸುರಕ್ಷಿತವೆನ್ನಲು ಸಾಕಷ್ಟು ಆಧಾರ ಇರುವುದು ಈ ಎರಡಕ್ಕೇ ಎಂದಿತು. ಇನ್ನು 12ಕ್ಕೆ ಹೆಚ್ಚಿನ ಮಾಹಿತಿ ಕೇಳಿತು. ಮಾಹಿತಿ ಕೇಳಿದ ಮಾತ್ರಕ್ಕೆ ಅವು ವಿಷವೆಂದೇನೂ ಅಲ್ಲ.

ಹುಷಾರಾಗಿರಬೇಕಾದದ್ದು ಉಸಿರಿನ ವಿಷಯದಲ್ಲಿ. ಟೈಟಾನಿಯಂ ಡೈಆಕ್ಸೈಡ್ ಧೂಳನ್ನು ಉಸಿರಾಡಿದ ಇಲಿಗಳಲ್ಲಿ ಶ್ವಾಸಕೋಶದ ಗೆಡ್ಡೆಗಳು ಕಂಡುಬಂದಿದ್ದರಿಂದ, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿದೆ. ಮುಲಾಮಿನಲ್ಲಿ ಕಲೆತ ಕಣ ಮೂಗಿಗೆ ಹೋಗದು. ಸ್ಪ್ರೇ ಮತ್ತು ಪುಡಿಯದು ಹೋದೀತು. ಮಕ್ಕಳಿಗೆ ಅವೆರಡೂ ಬೇಡ. ಆರು ತಿಂಗಳೊಳಗಿನ ಕೂಸಿಗಂತೂ ಯಾವ ಲೇಪವೂ ಬೇಡ, ನೆರಳು ಮತ್ತು ಮೈತುಂಬ ಹತ್ತಿಬಟ್ಟೆ ಸಾಕು.

ಇನ್ನು, ಮುಖ ಬೆಳ್ಳಗಾದೀತೆಂದು ತೆಳ್ಳಗೆ ಸವರಿಕೊಳ್ಳುವವರೇ ಹೆಚ್ಚು. ಹಾಗೆ ಮಾಡಿದರೆ ಟ್ಯೂಬಿನ ಮೇಲೆ ಬರೆದಷ್ಟು ರಕ್ಷಣೆ ಸಿಗದು. ಕೆಮ್ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡನ್ನು ಬೆರೆಸಿ, ಕಂದು ಮೈಬಣ್ಣಕ್ಕೆ ಹೊಂದುವಂತೆ ಮಾಡಿದ ಟ್ಯೂಬುಗಳೂ ಈಗ ಅಂಗಡಿಯಲ್ಲಿ ಸಿಗುತ್ತವೆ.