ಹಿಮದ ಹಾದಿಯಲ್ಲಿ ನಿಂತ ಬಂಡಿ

ನಮ್ಮ ನಾಡಿನಲ್ಲಿ ಮೋಟಾರು ಬಂಡಿಯು ನಡುದಾರಿಯಲ್ಲಿ ಕೆಟ್ಟು ನಿಂತರೆ ಅದನ್ನು ಯಾರೂ ದೊಡ್ಡ ವಿಪತ್ತೆಂದು ಎಣಿಸುವುದಿಲ್ಲ. ಹೊತ್ತು ಹಾಳಾಯಿತೆಂದು ಯಜಮಾನನು ಗೊಣಗುವನು; ಮಕ್ಕಳು ಹುಣಿಸೆಯ ಮರದ ನೆರಳಿನಲ್ಲಿ ಆಟಕ್ಕೆ ತೊಡಗುವರು; ಬುತ್ತಿಯ ಗಂಟನ್ನು ಬಿಚ್ಚುವುದಕ್ಕೆ ಅದೊಂದು ನೆವವಾಗುವುದು. ಹತ್ತಿರದ ಹಳ್ಳಿಯಿಂದ ಯಾರಾದರೂ ಬಂದೇ ಬರುವರು. ಆದರೆ ಇದೇ ಪ್ರಸಂಗವು ಪ್ರಾಣಕ್ಕೆ ಸಂಚಕಾರವಾಗುವ ನಾಡುಗಳೂ ಈ ಭೂಮಿಯ ಮೇಲೆ ಉಂಟು. ಅಂಥ ಹಾದಿಯೊಂದರ ಸಂಗತಿಯನ್ನೂ, ಅಲ್ಲಿ ಬಂಡಿ ನಿಂತಾಗ ಮನುಷ್ಯನು ಬದುಕಿಕೊಳ್ಳುವ ಬಗೆಯನ್ನೂ ಈ ತಿಂಗಳು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ರಷ್ಯಾ ದೇಶದ ಪೂರ್ವಭಾಗದಲ್ಲಿ, ಲೇನಾ ನದಿಯ ತೀರದ ಯಾಕೂಟ್ಸ್ಕ್ ನಗರದ ಕಡೆಯಿಂದ ಹೊರಟು ಓಖೋಟ್ಸ್ಕ್ ಸಮುದ್ರದ ದಂಡೆಯ ಮಗದಾನ್ ಪಟ್ಟಣವನ್ನು ಮುಟ್ಟುವ ಹೆದ್ದಾರಿಗೆ ಕೊಲಿಮಾ ರಸ್ತೆಯೆಂದು ಹೆಸರು. ಅದರ ಉದ್ದ ಸುಮಾರು ೨,೦೦೦ ಕಿಲೋಮೀಟರು. ೧೯೩೨ರಲ್ಲಿ ಆರಂಭವಾದ ಈ ರಸ್ತೆಯನ್ನು ಸ್ಟಾಲಿನನ ಆಳಿಕೆಯಲ್ಲಿ ಸೆರೆಯಾಳುಗಳ ಕೈಯಿಂದ ಕಡಿಸಿದರು. ಹಸಿವು, ಚಳಿ, ದುಡಿಮೆಗಳಿಂದ ಅಲ್ಲಿ ಮಡಿದವರು ಅಸಂಖ್ಯರು. ಆದುದರಿಂದಲೇ ಜನರು ಅದನ್ನು ‘ಎಲುಬುಗಳ ಹಾದಿ’ ಎಂದು ಕರೆಯುವರು. ಈ ಸೀಮೆಯಲ್ಲಿರುವ ಒಯ್ಮ್ಯಕೋನ್ ಎಂಬ ಊರಿನಲ್ಲಿ ೧೯೩೩ರ ಫೆಬ್ರವರಿಯಲ್ಲಿ ಉಷ್ಣತೆಯು ಸೊನ್ನೆಗಿಂತ ೬೭.೭ ಡಿಗ್ರಿ ಸೆಂಟಿಗ್ರೇಡು ಕೆಳಗಿಳಿದುದು ದಾಖಲೆಯಲ್ಲಿದೆ. ಸೊನ್ನೆಗಿಂತ ೩೯ ಡಿಗ್ರಿ ಕೆಳಗಿಳಿಯುವಷ್ಟರಲ್ಲಿ ಪಾದರಸವೇ ಗಟ್ಟಿಯಾಗುವುದರಿಂದ ಅಲ್ಲಿಯ ಚಳಿಯನ್ನು ಅಳೆಯಲು ಪಾದರಸದ ಮಾಪಕವು ಉಪಯೋಗಕ್ಕೆ ಬಾರದು. ಬಿಟ್ಟ ಉಸಿರು ಗಾಳಿಯಲ್ಲಿಯೇ ಹೆಪ್ಪುಗಟ್ಟಿ ಸಣ್ಣಗೆ ಸರಸರನೆ ಸದ್ದು ಮಾಡುವುದು. ಆ ಸದ್ದನ್ನು ಅಲ್ಲಿಯವರು ‘ನಕ್ಷತ್ರಗಳ ಪಿಸುಮಾತು’ ಎನ್ನುವರು.

ಅಂಥ ಚಳಿಯಲ್ಲಿ ಯಂತ್ರವೂ ಮನುಷ್ಯನಂತೆಯೇ ಮರಗಟ್ಟುತ್ತದೆ. ಬ್ಯಾಟರಿಯು ಸತ್ತ್ವಗುಂದುವುದು, ಎಣ್ಣೆಯು ಮಂದವಾಗಿ ಅಂಟಿನಂತಾಗುವುದು, ಡೀಸೆಲಿನಲ್ಲಿ ಮೇಣವು ಬೇರ್ಪಟ್ಟು ನಾಳಗಳನ್ನು ಕಟ್ಟುವುದು, ರಬ್ಬರು ಬಿರುಸಾಗಿ ಬಿರಿಯುವುದು. ಒಮ್ಮೆ ಪೂರ್ತಿಯಾಗಿ ತಣ್ಣಗಾದ ಯಂತ್ರವನ್ನು ಮತ್ತೆ ಚಾಲನೆಗೆ ತರುವುದು ಬಲು ಕಷ್ಟ. ಆದ್ದರಿಂದ ಚಳಿಗಾಲದಲ್ಲಿ ಅಲ್ಲಿಯ ಚಾಲಕರು ಊಟಕ್ಕೆ ನಿಂತಾಗಲೂ ಯಂತ್ರವನ್ನು ನಿಲ್ಲಿಸುವುದಿಲ್ಲ. ದಾರಿಯ ಮಗ್ಗುಲಲ್ಲಿ ನಿಂತಿರುವ ಬಂಡಿಯನ್ನು ಕಂಡರೆ ತಾವೂ ನಿಂತು ವಿಚಾರಿಸುವುದು ಅವರಲ್ಲಿ ಬೇರೂರಿದ ಪದ್ಧತಿ. ಇಂದು ನೆರವು ಬೇಡಿದವನು ನಾಳೆ ನೆರವಾಗುವವನೆಂಬುದನ್ನು ಅವರು ಬಲ್ಲರು.

ಆದರೆ ಯಾರೂ ಹಾಯದ ದಾರಿಯಲ್ಲಿ ನಿಂತರೆ ಗತಿಯೇನು? ೨೦೨೦ರ ಚಳಿಗಾಲದಲ್ಲಿ ಯಾಕೂಟ್ಸ್ಕಿನಿಂದ ಮಗದಾನಿಗೆ ಹೊರಟ ಇಬ್ಬರು ತರುಣರು, ದೂರ ಕಡಿಮೆಯೆಂದು ಮೊಬೈಲಿನ ನಕಾಶೆಯು ತೋರಿಸಿದ ಹಳೆಯ, ಕೈಬಿಟ್ಟ ಹಾದಿಯನ್ನು ಹಿಡಿದರು. ಅಲ್ಲಿ ಬಂಡಿಯ ರೇಡಿಯೇಟರು ಒಡೆಯಿತು. ಆಗ ಚಳಿಯು ಸೊನ್ನೆಗಿಂತ ಸುಮಾರು ೫೦ ಡಿಗ್ರಿ ಕೆಳಗಿತ್ತು. ಹುಡುಕಿಕೊಂಡು ಹೋದವರಿಗೆ ಡಿಸೆಂಬರಿನಲ್ಲಿ ಬಂಡಿಯು ಸಿಕ್ಕಿದಾಗ ಒಬ್ಬನು ಮಡಿದಿದ್ದನು. ಇನ್ನೊಬ್ಬನು ಕೈಕಾಲುಗಳು ಹಿಮಕ್ಕೆ ಬೆಂದು ಅರೆಜೀವವಾಗಿದ್ದನು. ನಕಾಶೆಯಲ್ಲಿ ಗೆರೆಯಿದ್ದ ಮಾತ್ರಕ್ಕೆ ಆ ಗೆರೆಯ ಮೇಲೆ ಮನುಷ್ಯಸಂಚಾರವಿರುವುದೆಂದು ನಂಬಲಾಗದು.

ಹೀಗೆ ಸಿಕ್ಕಿಬಿದ್ದವರ ಮನಸ್ಸಿನಲ್ಲಿ ಮೊದಲು ಏಳುವ ಯೋಚನೆ, ‘ನಡೆದು ಹೋಗಿ ಯಾರನ್ನಾದರೂ ಕರೆತರೋಣ’ ಎಂಬುದು. ಆದರೆ ಇಂಥ ಪ್ರಯಾಣದ ಅನುಭವವುಳ್ಳವರೆಲ್ಲರೂ ಬೇಡವೆನ್ನುವುದು ಇದನ್ನೇ. ಅಮೆರಿಕದ ಓರೆಗನ್ ಪ್ರಾಂತದಲ್ಲಿ ೨೦೦೬ರ ನವೆಂಬರಿನಲ್ಲಿ ಒಂದು ಕುಟುಂಬವು ದಾರಿ ತಪ್ಪಿ ಬೆಟ್ಟದ ರಸ್ತೆಯಲ್ಲಿ ಹಿಮಕ್ಕೆ ಸಿಕ್ಕಿತು. ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು. ಪೆಟ್ರೋಲು ಇರುವವರೆಗೆ ಬಂಡಿಯನ್ನು ಬೆಚ್ಚಗಿಟ್ಟರು. ಅದು ಮುಗಿದ ಮೇಲೆ ಚಕ್ರಗಳ ಟಯರುಗಳನ್ನೇ ಸುಟ್ಟು ಕಾಯಿಸಿಕೊಂಡರು. ತಾಯಿಯು ಇಬ್ಬರು ಮಕ್ಕಳಿಗೂ ಎದೆಹಾಲು ಕುಡಿಸಿ ಜೀವವುಳಿಸಿದಳು. ಒಂದು ವಾರ ಕಳೆದರೂ ಯಾರೂ ಬಾರದಿರಲು, ಹೆಂಡತಿ ಮಕ್ಕಳ ಸಂಕಟವನ್ನು ನೋಡಲಾರದೆ ತಂದೆಯು ನೆರವು ತರಲು ಕಾಲ್ನಡಿಗೆಯಲ್ಲಿ ಹೊರಟನು. ಎರಡು ದಿನಗಳ ಮೇಲೆ ಹೆಲಿಕಾಪ್ಟರಿನವರ ಕಣ್ಣಿಗೆ ತಾಯಿಯೂ ಮಕ್ಕಳೂ ಬಂಡಿಯ ಸಮೀಪದಲ್ಲಿಯೇ ಕಂಡರು; ಮೂವರೂ ಉಳಿದರು. ಹಲವು ಮೈಲಿ ಹಿಮದಲ್ಲಿ ನಡೆದ ತಂದೆಯು ಹಳ್ಳವೊಂದರಲ್ಲಿ ಶವವಾಗಿ ದೊರೆತನು. ಅವನ ಧೈರ್ಯವನ್ನೂ ಪ್ರೇಮವನ್ನೂ ಯಾರೂ ಅಲ್ಲಗಳೆಯಲಾರರು. ಆದರೂ ಹುಡುಕುವವರಿಗೆ ಮನುಷ್ಯನಿಗಿಂತ ಬಂಡಿಯು ಬೇಗ ಕಾಣುತ್ತದೆ. ಗಾಳಿಯನ್ನು ತಡೆಯುವ ಗೋಡೆಯೂ ಬಂಡಿಗೇ ಉಂಟು. ೨೦೧೨ರ ಫೆಬ್ರವರಿಯಲ್ಲಿ ಸ್ವೀಡನ್ ದೇಶದ ಉಮಿಯೊ ಪಟ್ಟಣದ ಬಳಿ ಹಿಮದಲ್ಲಿ ಹೂತುಹೋಗಿದ್ದ ಬಂಡಿಯೊಳಗೆ ಒಬ್ಬನು ಜೀವಂತವಾಗಿ ಸಿಕ್ಕಿದನು. ಡಿಸೆಂಬರಿನಿಂದಲೂ ಹಿಮವನ್ನು ಕರಗಿಸಿ ಕುಡಿಯುತ್ತ ಅಲ್ಲಿಯೇ ಇದ್ದೆನೆಂದು ಅವನು ಹೇಳಿದನು.

ಬಂಡಿಯೇ ಮನೆಯೆಂದು ಒಳಗೆ ಕುಳಿತವರಿಗೂ ಒಂದು ಮಹಾಶತ್ರುವುಂಟು. ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದಲ್ಲಿ ೨೦೨೨ರ ಜನವರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಸಾಲುಸಾಲಾಗಿ ಬಂಡಿಗಳು ನಿಂತವು. ಒಂದೇ ರಾತ್ರಿಯಲ್ಲಿ ೨೦ಕ್ಕೂ ಹೆಚ್ಚು ಮಂದಿ, ಅವರಲ್ಲಿ ಮಕ್ಕಳೂ ಸೇರಿ, ಕುಳಿತಲ್ಲಿಯೇ ಮಡಿದರು. ಹಲವರನ್ನು ಕೊಂದುದು ಚಳಿಯಲ್ಲ, ಹೊಗೆಯೆಂದು ತಿಳಿದುಬಂದಿತು. ಯಂತ್ರವು ನಡೆಯುತ್ತಿರುವಾಗ ಹೊಗೆಯ ಕೊಳವೆಯನ್ನು ಹಿಮವು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಒಳಕ್ಕೆ ನುಗ್ಗುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಕಸಿದುಕೊಳ್ಳುವುದು. ಮನುಷ್ಯನು ನಿದ್ರೆ ಬಂದಂತೆ ಒರಗಿ ಮತ್ತೆ ಏಳನು. ಆದುದರಿಂದ ಕೊಳವೆಯ ಬಾಯಿಯ ಹಿಮವನ್ನು ಆಗಾಗ ತೆಗೆಯಬೇಕು. ಯಂತ್ರವನ್ನು ಗಂಟೆಗೆ ೧೦ ನಿಮಿಷ ಮಾತ್ರ ನಡೆಸಬೇಕು. ಗಾಳಿ ಬೀಸದ ಕಡೆಯ ಕಿಟಕಿಯನ್ನು ಬೆರಳಗಲವಾದರೂ ತೆರೆದಿರಬೇಕು. ಎಲ್ಲರೂ ಒಟ್ಟಿಗೆ ನಿದ್ರಿಸದೆ ಸರದಿಯಂತೆ ಒಬ್ಬರು ಎಚ್ಚರವಾಗಿರಬೇಕು.

ಇನ್ನು ದೇಹದ ಮಾತು. ನಮ್ಮ ಮೈಯ ಉಷ್ಣತೆಯು ಸಹಜವಾಗಿ ೩೭ ಡಿಗ್ರಿ; ೩೫ಕ್ಕಿಂತ ಕೆಳಗಿಳಿದರೆ ಅಪಾಯವು ತೊಡಗಿತೆಂದು ತಿಳಿಯಬೇಕು. ಮೊದಲು ನಡುಕ, ಬಳಿಕ ಮಾತಿನ ತೊದಲು, ಬುದ್ಧಿಯ ಮಂಕು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕವನ್ನು ನಿಲ್ಲಿಸಿದರೆ ಗುಣವಾಯಿತೆಂದು ಹಿಗ್ಗಬಾರದು. ಅದು ಶಕ್ತಿಯು ಸೋತ ಲಕ್ಷಣ. ಮದ್ಯವು ಮೈಯನ್ನು ಕಾಯಿಸುವುದೆಂಬ ನಂಬಿಕೆ ಶುದ್ಧ ತಪ್ಪು. ಅದು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಒಳಗಿನ ಕಾವನ್ನು ಹೊರಚೆಲ್ಲುವುದು. ಹಿಮವನ್ನು ಹಾಗೆಯೇ ತಿನ್ನದೆ ಕರಗಿಸಿ ಕುಡಿಯಬೇಕು. ಮರಗಟ್ಟಿದ ಬೆರಳುಗಳನ್ನು ಹಿಮದಿಂದಾಗಲಿ ಕೈಯಿಂದಾಗಲಿ ತಿಕ್ಕಬಾರದು. ಕಂಕುಳಲ್ಲಿಟ್ಟು ಮೆಲ್ಲಗೆ ಬೆಚ್ಚಗಾಗಿಸಬೇಕು. ಒಬ್ಬರಿಗೊಬ್ಬರು ಒತ್ತಿ ಕುಳಿತು ಒಂದೇ ಕಂಬಳಿಯನ್ನು ಹೊದೆಯುವುದು ಎಲ್ಲಕ್ಕಿಂತ ಸುಲಭವಾದ ಚಿಕಿತ್ಸೆ.

ಕನ್ನಡಿಗರಿಗೆ ಈ ಮಾತೆಲ್ಲ ಏಕೆಂದು ವಾಚಕರು ಕೇಳಬಹುದು. ಬೆಂಗಳೂರಿನಿಂದ ಲಡಾಖಿನವರೆಗೂ ತಮ್ಮ ಬಂಡಿಗಳಲ್ಲಿಯೇ ಹೋಗಿಬರುವ ತರುಣರು ಈಗ ನಮ್ಮಲ್ಲಿ ಅನೇಕರಿದ್ದಾರೆ. ೨೦೨೦ರಲ್ಲಿ ತೆರೆದ ಅಟಲ್ ಸುರಂಗವು ರೋಹ್ತಾಂಗ್ ಕಣಿವೆಯ ತೊಡಕನ್ನು ತಪ್ಪಿಸಿದೆಯಾದರೂ, ಅದರಾಚೆಗೆ ಲೇಹದ ದಾರಿಯಲ್ಲಿ ಬಾರಾಲಾಚಾ, ತಂಗ್ಲಾಂಗ್ ಮೊದಲಾದ ಕಣಿವೆಗಳು ಇದ್ದೇ ಇವೆ. ತಂಗ್ಲಾಂಗಿನ ಎತ್ತರವು ೫,೩೦೦ ಮೀಟರಿಗೂ ಮೇಲು. ಅಲ್ಲಿ ಗಾಳಿಯೇ ತೆಳುವು. ನಮ್ಮ ಕಡೆ ಮಳೆಗಾಲವು ಮುಗಿಯುವ ಮುನ್ನವೇ ಹಿಮವು ಬೀಳಬಹುದು. ಹೊರಡುವವರು ಕಂಬಳಿ, ಸಲಿಕೆ, ಕೈದೀಪ, ಬೆಂಕಿಪೆಟ್ಟಿಗೆ, ಕರಗಿಸಲು ಲೋಹದ ಪಾತ್ರೆ, ಬೆಲ್ಲ, ಕಡಲೆ, ಹುರಿಹಿಟ್ಟು ಇಷ್ಟನ್ನಾದರೂ ಬಂಡಿಯಲ್ಲಿಡಲಿ.

ಮನೆಯಲ್ಲಿರುವವರ ಪಾಲಿನ ಕೆಲಸವೂ ಒಂದುಂಟು. ಓರೆಗನ್ನಿನ ಆ ಕುಟುಂಬವು ಕಾಣೆಯಾಗಿದೆಯೆಂದು ಪರರಿಗೆ ಅರಿವಾಗುವುದಕ್ಕೇ ಹಲವು ದಿನಗಳು ಹಿಡಿದವು. ಯಾವ ದಾರಿ, ಎಲ್ಲಿ ತಂಗುವುದು, ಯಾವ ಹೊತ್ತಿಗೆ ತಲುಪುವುದು, ಎಷ್ಟು ಹೊತ್ತು ಮೀರಿದರೆ ಯಾರಿಗೆ ತಿಳಿಸುವುದು, ಇವು ಒಂದು ಚೀಟಿಯಲ್ಲಿ ಹಿಡಿಸುವ ಮಾತುಗಳು. ದೂರದ ಹಿಮದಲ್ಲಿ ಬಂಡಿ ನಿಂತಾಗ ಒಳಗೆ ಕುಳಿತವರಿಗೆ ಬೇಕಾದುದು ತಾಳ್ಮೆ; ಆ ತಾಳ್ಮೆಗೆ ಆಧಾರ, ತಮ್ಮನ್ನು ಹುಡುಕುತ್ತಿರುವರೆಂಬ ನಂಬಿಕೆ. ಆದುದರಿಂದ ಸೋದರಿಯರೇ, ತಾಯಂದಿರೇ, ಆ ಚೀಟಿಯನ್ನು ಬರೆಸಿಕೊಳ್ಳದೆ ನಿಮ್ಮ ಮನೆಯ ಪ್ರಯಾಣಿಕರನ್ನು ಹೊಸ್ತಿಲು ದಾಟಗೊಡಬೇಡಿರಿ.